ಗುಟ್ಟು ಹೇಳಿದವಳು ಯಾರು?

ಗಿರೀಶ ಕಾರ್ನಾಡರ ಆತ್ಮಕಥೆ 'ಆಡಾಡತ ಆಯುಷ್ಯ' 2011ರಲ್ಲಿ ಬಂತು. ಓದಿದವರು ಅದರ ಅರ್ಪಣೆಯನ್ನು ಮರೆತಿರಲಿಕ್ಕಿಲ್ಲ. ಪುಸ್ತಕ ಅರ್ಪಣೆಯಾಗಿರುವುದು ಡಾ. ಮಧುಮಾಲತಿ ಗುಣೆ ಎಂಬ ವೈದ್ಯೆಗೆ. ಅವರು ಕಾರ್ನಾಡರ ಜೀವ ಉಳಿಸಿದ್ದು ನಿಜ, ಆದರೆ ಚಿಕಿತ್ಸೆ ಕೊಟ್ಟಲ್ಲ. ದವಾಖಾನೆಗೆ ಬಾರದೇ ಇದ್ದು! ಕಾರ್ನಾಡರು ಇನ್ನೂ ಹೊಟ್ಟೆಯಲ್ಲಿದ್ದಾಗ, ಇರುವ ಮಕ್ಕಳೇ ಸಾಕು, ಇದೊಂದು ಬೇಡ ಅಂತ ತಾಯಿ ಪುಣೆಯ ಆ ದವಾಖಾನೆಗೆ ಹೋಗಿ ಕೂತಿದ್ದರು. ಡಾಕ್ಟರ್ ಬರಲಿಲ್ಲ. ಕಾದು ಕಾದು ಎದ್ದು ಬಂದರು. ಈ ವಿಷಯ ಮಗನಿಗೆ ಗೊತ್ತಾಗಿದ್ದು ಅವರಿಗೆ ಮೂವತ್ತೈದಾದಾಗ. ಅದೂ ಹೇಗೆ? ಧಾರವಾಡದ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಹೆಸರು ಮಾಡಿದ ಮಗನನ್ನು ನೋಡುತ್ತಾ ತಾಯಿ, ಇವನೇ ಬೇಡ ಅಂದುಕೊಂಡಿದ್ದೆವಲ್ಲ ಅನ್ನೋ ಅರ್ಥದ ಮಾತೊಂದನ್ನು ಸಲೀಸಾಗಿ ಹೇಳಿಬಿಟ್ಟರು. ಮುಜುಗರ ಪಟ್ಟಿದ್ದು ತಂದೆ.

ಈ ಪ್ರಸಂಗ ಬಂದಾಗೆಲ್ಲ ಜನ ಕಾರ್ನಾಡರ ಎದೆಗಾರಿಕೆಯನ್ನು ಹೊಗಳುತ್ತಾರೆ. ಇಂಥದ್ದನ್ನೂ ಬರೆದರಲ್ಲ ಅಂತ. ನನಗೆ ಮಾತ್ರ ಪ್ರತಿ ಸಲ ಆ ತಾಯಿಯ ಮೇಲೇ ಕಣ್ಣು ಹೋಗುತ್ತದೆ. ಕೃಷ್ಣಾಬಾಯಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಕಂಕುಳಲ್ಲಿ ಒಬ್ಬ ಮಗ. ನರ್ಸ್ ತರಬೇತಿಗೆ ಹೊರಟರು, ಅಲ್ಲಿ ಡಾ. ರಘುನಾಥ ಕಾರ್ನಾಡರ ಪರಿಚಯವಾಯಿತು. ವಿಧವೆಯ ಮರುಮದುವೆ ಅಂದರೆ ಊರೆಲ್ಲ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದ ಕಾಲ. ಕೊನೆಗೆ ಆರ್ಯ ಸಮಾಜದ ಪದ್ಧತಿಯಲ್ಲಿ, ಸದ್ದುಗದ್ದಲ ಇಲ್ಲದೆ ಮದುವೆಯಾದರು. ವಯಸ್ಸಾದ ಮೇಲೆ ತಮ್ಮ ನೆನಪುಗಳನ್ನು ತಾವೇ ಬರೆದಿಟ್ಟರು. ಅಂದರೆ ಮಗ ಕದ್ದು ಕೇಳಿಸಿಕೊಂಡು ಬರೆದ ಗುಟ್ಟಲ್ಲ ಅದು. ಆಕೆಯೇ ಬಾಯಿಬಿಟ್ಟು ಹೇಳಿದ್ದು. ಮಗ ಆಮೇಲೆ ಅದನ್ನು ಪುಸ್ತಕಕ್ಕೆ ತಂದರು, ಅಷ್ಟೇ.

ಸಿನಿಮಾ ಬರಹಗಾರರು, ನಟಿಯರು, ಅವರ ಅಮ್ಮಂದಿರು, ಮಕ್ಕಳು — ಇವರ ನಡುವಿನ ಸ್ನೇಹ ಮತ್ತು ಗುಟ್ಟುಗಳ ಬಗ್ಗೆ ಓದುವಾಗ ನಾನು ನೋಡೋದು ಇದೊಂದನ್ನೇ. ಇದು ಹೇಳಿದ ಗುಟ್ಟೋ, ಕಿತ್ತುಕೊಂಡ ಗುಟ್ಟೋ? ಧೈರ್ಯಶಾಲಿ ಅನ್ನೋ ಬಿರುದು ಬರೆದವರ ಹೆಗಲಿಗೆ ಸುಮ್ನೆ ಹೋಗಿ ಬೀಳುತ್ತೆ. ಹೇಳಿದವಳ ಹೆಸರು ಮುನ್ನುಡಿಯಲ್ಲೊಂದು ಸಾಲಾದರೆ ಹೆಚ್ಚು.

ನಮ್ಮ ಸಿನಿಮಾ ಹುಟ್ಟಿದ್ದೇ ಇಂಥ ಗುಟ್ಟುಗಳ ಜೊತೆಗೆ. 1913ರಲ್ಲಿ ಫಾಲ್ಕೆ 'ರಾಜಾ ಹರಿಶ್ಚಂದ್ರ' ಮಾಡಿದಾಗ ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಗಲೇ ಇಲ್ಲ. ಸಾಳುಂಕೆ ಅನ್ನೋ ಗಂಡಸೇ ಸೀರೆ ಉಟ್ಟರು. ಅದೇ ವರ್ಷದ 'ಮೋಹಿನಿ ಭಸ್ಮಾಸುರ'ಕ್ಕೆ ಹೆಣ್ಣುಮಕ್ಕಳು ಬಂದರು. ಬಂದಿದ್ದು ಒಬ್ಬರಲ್ಲ, ತಾಯಿ ಮಗಳು ಇಬ್ಬರೂ: ದುರ್ಗಾಬಾಯಿ ಕಾಮತ್ ಮತ್ತು ಕಮಲಾಬಾಯಿ. ದುರ್ಗಾಬಾಯಿ ಗಂಡನನ್ನು ಬಿಟ್ಟು ಬಂದು ಒಬ್ಬರೇ ಮಗಳನ್ನು ಸಾಕುತ್ತಿದ್ದವರು. ಮರ್ಯಾದಸ್ಥರ ಮನೆ ಅಂತ ಕರೆಸಿಕೊಳ್ಳುವ ಮನೆಯವರು ಬಾಗಿಲು ಹಾಕಿಕೊಂಡು ಕೂತಿದ್ದಾಗ ಕ್ಯಾಮೆರಾ ಮುಂದೆ ಬಂದವರಲ್ಲಿ ಹೆಚ್ಚಿನವರು ಇಂಥವರು, ಇಲ್ಲಾ ಹಾಡುವ ಮನೆತನದವರು. ಅಪ್ಪನ ಹೆಸರು ಕೇಳಿದರೆ ಮನೆಯಲ್ಲಿ ಮೌನ. ಅಜ್ಜಿ ಏನು ಮಾಡುತ್ತಿದ್ದಳು ಅಂದರೆ ಮಾತು ಬದಲಾಯಿಸುವುದು. ಕಥೆ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ಅವರು ಹತ್ತಿರ ಬಂದರು. ಕೆಲವರು ಸ್ನೇಹಿತರಾದರು, ಕೆಲವರು ಗಿರಾಕಿಗಳ ಹಾಗೆ ಬಂದು ಹೋದರು.

ಅದರಲ್ಲಿ ನನಗೆ ಬಹಳ ಹತ್ತಿರವಾದ ಕಥೆ ಹಂಸಾ ವಾಡಕರ್ ಅವರದು. ಹುಟ್ಟಿದ್ದು 1923ರಲ್ಲಿ, ಹುಟ್ಟಿದ ಹೆಸರು ರತನ್ ಸಾಳಗಾಂವಕರ್. ಮನೆಯ ಬಡತನಕ್ಕೆ ಚಿಕ್ಕ ವಯಸ್ಸಲ್ಲೇ ಸಿನಿಮಾಕ್ಕೆ ಬಂದರು. 'ಸಂತ ಸಖೂ', 'ರಾಮಜೋಶಿ' ಅಂಥ ಮರಾಠಿ ಚಿತ್ರಗಳಲ್ಲಿ ಹೆಸರು ಮಾಡಿದರು. ಆಮೇಲೆ ಕುಡಿತ, ಕಾಯಿಲೆ, ಕೈಬಿಟ್ಟ ಜನ. ಆ ಹೊತ್ತಿನಲ್ಲಿ 'ಮಾಣೂಸ್' ಪತ್ರಿಕೆಗಾಗಿ ಅವರ ಮಾತುಗಳನ್ನು ಬರೆದುಕೊಂಡವರು ಅರುಣ್ ಸಾಧು. ಮುಂದೆ ದೊಡ್ಡ ಕಾದಂಬರಿಕಾರರಾದ, ಸಿನಿಮಾಕ್ಕೂ ಬರೆದ ಸಾಧು ಆಗಿನ್ನೂ ಎಳೆಯ ಪತ್ರಕರ್ತ. ಹಂಸಾ ಅವರಿಗಿಂತ ಹೆಚ್ಚುಕಮ್ಮಿ ಹದಿನೆಂಟು ವರ್ಷ ಚಿಕ್ಕವರು. 1970ರಲ್ಲಿ ಅದು 'ಸಾಂಗತ್ಯೆ ಐಕಾ' ಅಂತ ಪುಸ್ತಕವಾಯಿತು. ಮರುವರ್ಷವೇ ಹಂಸಾ ತೀರಿಕೊಂಡರು.

ಆ ಪುಸ್ತಕದಲ್ಲಿ ಗೋಳು ಇಲ್ಲ. ನನ್ನನ್ನು ಕಂಡು ಅಯ್ಯೋ ಅನ್ನಿ ಅನ್ನೋ ದನಿ ಇಲ್ಲ. ಗಂಡನ ಮೇಲಿನ ಸಿಟ್ಟಿಗೆ ಕುಡಿದ ಒಂದು ರಾತ್ರಿ ಯಾರದೋ ಜೊತೆ ಹೊರಟುಬಿಟ್ಟಿದ್ದು, ಹೋಗಿ ನೋಡಿದರೆ ಮರಾಠವಾಡದ ಹಳ್ಳಿಯೊಂದರಲ್ಲಿ ತಾನು ಅವನ ಮೂರನೇ ಹೆಂಡತಿ ಅಂತ ಗೊತ್ತಾಗಿದ್ದು, ಮೂರು ವರ್ಷ ಅಲ್ಲೇ ಸಿಕ್ಕಿಹಾಕಿಕೊಂಡಿದ್ದು, ಎಲ್ಲವನ್ನೂ ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ ಹೇಳುತ್ತಾ ಹೋಗುತ್ತಾರೆ. ಕೊನೆಗೆ ಗುಟ್ಟಾಗಿ ಪತ್ರ ಬರೆದು ಗಂಡನನ್ನೇ ಕರೆಸಿಕೊಂಡು ಬಿಡುಗಡೆಯಾಗಬೇಕಾಯಿತು. ಆ ಬಿಡುಗಡೆಯ ಕಾಗದಪತ್ರ ನೋಡಬೇಕಿದ್ದ ಮ್ಯಾಜಿಸ್ಟ್ರೇಟನೇ ತನ್ನ ಮೇಲೆ ಅತ್ಯಾಚಾರ ಮಾಡಿದ ಅನ್ನುವುದನ್ನೂ ಅವರು ಮುಚ್ಚಿಡಲಿಲ್ಲ. ಇದು ಅಚ್ಚಾಗಿದ್ದು 1970ರಲ್ಲಿ ಅನ್ನೋದನ್ನು ಸ್ವಲ್ಪ ನೆನಪಿಡಿ. ಈಗಲೂ ಇದನ್ನು ಹೆಸರು ಹಾಕಿ ಹೇಳಿಕೊಳ್ಳುವವರು ಎಷ್ಟು ಜನ?

ಈ ಪುಸ್ತಕವನ್ನು ಆಧರಿಸಿ ಶ್ಯಾಮ್ ಬೆನಗಲ್ 1977ರಲ್ಲಿ 'ಭೂಮಿಕಾ' ಮಾಡಿದರು. ಚಿತ್ರಕಥೆ ಬರೆದ ಮೂವರಲ್ಲಿ ಕಾರ್ನಾಡರೂ ಒಬ್ಬರು. ಉಳಿದಿಬ್ಬರು ಸತ್ಯದೇವ ದುಬೆ ಮತ್ತು ಸ್ವತಃ ಬೆನಗಲ್. ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂತು, ಸ್ಮಿತಾ ಪಾಟೀಲರಿಗೂ ಬಂತು. ಸ್ಮಿತಾಗೆ ಆಗ ಇಪ್ಪತ್ತೆರಡರ ಆಸುಪಾಸು. ಆ ವಯಸ್ಸಿನ ಹುಡುಗಿ ಮಗಳ ಮದುವೆಯಾಗಿರುವ ತಾಯಿಯಾಗಿಯೂ ನಿಲ್ಲುತ್ತಾಳೆ, ಒಂದು ಕ್ಷಣವೂ ಅನುಮಾನ ಬರಲ್ಲ. ಚಿತ್ರದಲ್ಲಿ ಹಂಸಾ ಪಾತ್ರದ ಹೆಸರು ಉಷಾ. ಅವಳನ್ನು ಪ್ರೀತಿಸುವ ನಾಯಕನಟನಾಗಿ ನಮ್ಮ ಅನಂತ್ ನಾಗ್ ಇದ್ದಾರೆ. ಎಲ್ಲ ಗೊತ್ತಿದ್ದೂ ಏನೂ ಮಾಡಲಾಗದ ಒಳ್ಳೆಯವನ ಪಾತ್ರ, ಅದು ಅವರಿಗೆ ಹೇಳಿ ಮಾಡಿಸಿದ್ದು.

ಚಿತ್ರದ ಹಳೇ ನೆನಪುಗಳು ಬಣ್ಣದಲ್ಲಿಲ್ಲ. ಅಲ್ಲಿ ಮೂರು ತಲೆಮಾರು ಒಂದೇ ಸೂರಿನ ಕೆಳಗೆ. ಅಜ್ಜಿ ಮೊಮ್ಮಗಳಿಗೆ ಹಾಡು ಕಲಿಸುತ್ತಾಳೆ. ಅದು ಅವಳಿಗೆ ಗೊತ್ತಿರುವ ಏಕೈಕ ಆಸ್ತಿ. ತಾಯಿಗೆ ಆ ಹಾಡು ಕೇಳಿದರೇ ಆಗಲ್ಲ, ಆ ಹಾಡಿನ ಜೊತೆ ಬರುವ ಹೆಸರಿನಿಂದ ತಪ್ಪಿಸಿಕೊಳ್ಳಲೆಂದೇ ಅವಳು ಮದುವೆಯಾದವಳು. ಮನೆಗೆ ಬಂದು ಹೋಗುವ ಕೇಶವ ದಳವಿ ಇದ್ದಾನೆ, ಅಮೋಲ್ ಪಾಲೇಕರ್ ಮಾಡಿದ ಪಾತ್ರ. ಅವನಿಗೂ ತಾಯಿಗೂ ಏನಿತ್ತು ಅನ್ನೋದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ನೋಟ, ಬಾಗಿಲ ಹತ್ತಿರ ನಿಲ್ಲುವ ರೀತಿ, ಅಷ್ಟೇ. ಮುಂದೆ ಅವನೇ ಮಗಳ ಗಂಡನಾಗುತ್ತಾನೆ. ಸುಲಭಾ ದೇಶಪಾಂಡೆ ಆ ತಾಯಿಯ ಪಾತ್ರದಲ್ಲಿ ಮಾತಿಗಿಂತ ಸಿಡುಕಿನಲ್ಲೇ ಎಲ್ಲ ತಿಳಿಸುತ್ತಾರೆ. ಮಗಳ ಮೇಲೆ ರೇಗುವುದು ಹೊಟ್ಟೆಕಿಚ್ಚಿಗೋ, ನಾಚಿಕೆಗೋ, ಹೆದರಿಕೆಗೋ ಅಂತ ಬಿಡಿಸಿ ಹೇಳೋಕಾಗಲ್ಲ. ಮನೆಯ ಗುಟ್ಟು ಅಂದರೆ ಹೀಗೇ ಅಲ್ವಾ? ಯಾರೂ ಹೇಳಿರಲ್ಲ, ಎಲ್ಲರಿಗೂ ಗೊತ್ತಿರುತ್ತೆ.

ಆದರೆ ಪುಸ್ತಕದಲ್ಲಿದ್ದ ಮ್ಯಾಜಿಸ್ಟ್ರೇಟ್ ಚಿತ್ರದಲ್ಲಿಲ್ಲ. ಉಷಾ ಹಳ್ಳಿಯ ಆ ದೊಡ್ಡ ಮನೆಯಿಂದ ಗಂಡನ ಜೊತೆ ಹೊರಬರುತ್ತಾಳೆ, ಅಲ್ಲಿಗೆ ಆ ಅಧ್ಯಾಯ ಮುಗಿಯುತ್ತೆ. ಯಾಕೆ ಬಿಟ್ಟರೋ. ಚಿತ್ರಕ್ಕೆ ಅದು ಜಾಸ್ತಿ ಭಾರವಾಗುತ್ತಿತ್ತು, ಕಥೆಯ ದಿಕ್ಕೇ ಬದಲಾಗುತ್ತಿತ್ತು ಅಂತ ವಾದ ಮಾಡಬಹುದು. ಚಿತ್ರಕಥೆ ಬರೆಯುವವರ ಕಷ್ಟ ನನಗೆ ಅರ್ಥವಾಗುತ್ತೆ. ಆದರೂ ಹಂಸಾ ಅದನ್ನು ಹೇಳಿದ್ದರು. ಕುಡಿತ, ಗಂಡಸರು, ಸಂಸಾರ ಎಲ್ಲ ಪರದೆಗೆ ಬಂತು, ಅಧಿಕಾರದಲ್ಲಿದ್ದವನೊಬ್ಬನ ಅಪರಾಧ ಮಾತ್ರ ಉಳಿದುಹೋಯಿತು. ಇದು ನನಗೆ ಇಷ್ಟದ ಚಿತ್ರ, ಅದಕ್ಕೇ ಈ ಕೊರಗು ಹೋಗಲ್ಲ.

ಕಾರ್ನಾಡರ ವಿಷಯದಲ್ಲಿ ಇನ್ನೊಂದು ಎಳೆ ಇದೆ. 'ಭೂಮಿಕಾ'ಗೂ ಮುಂಚೆ ಅವರು ಬಿ.ವಿ. ಕಾರಂತರ ಜೊತೆ ಭೈರಪ್ಪನವರ 'ವಂಶವೃಕ್ಷ'ವನ್ನು ಚಿತ್ರ ಮಾಡಿದ್ದರಲ್ಲ. ಅದರ ನಾಯಕಿ ಕಾತ್ಯಾಯನಿ, ಮಗುವಿರುವ ಎಳೆಯ ವಿಧವೆ. ಮರುಮದುವೆಯಾಗುತ್ತಾಳೆ, ಮಗನನ್ನು ಕಳೆದುಕೊಳ್ಳುತ್ತಾಳೆ, ನವೆದು ಸಾಯುತ್ತಾಳೆ. ವಂಶದ ಶುದ್ಧಿಯನ್ನು ನಂಬಿದ್ದ ಅವಳ ಮಾವ ಶ್ರೋತ್ರಿಯರಿಗೆ ಕೊನೆಗೆ ತಮ್ಮ ಹುಟ್ಟಿನ ಗುಟ್ಟೇ ಗೊತ್ತಾಗುತ್ತೆ. ಮಗನಿದ್ದೂ ಮರುಮದುವೆಯಾಗಿ, ಮತ್ತೆ ಮಕ್ಕಳನ್ನು ಹೆತ್ತು, ಗಟ್ಟಿಯಾಗಿ ಬಾಳಿದ ತಾಯಿ ಮನೆಯಲ್ಲೇ ಇರುವಾಗ ಕಾರ್ನಾಡರು ಈ ಚಿತ್ರ ತೆಗೆದರು! ಆ ತಾಯಿ ಕಾತ್ಯಾಯನಿಯನ್ನು ಪರದೆಯ ಮೇಲೆ ನೋಡಿ ಏನಂದುಕೊಂಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪಾಪ ಹುಡುಗಿ, ಇಷ್ಟಕ್ಕೆಲ್ಲ ಸಾಯಬೇಕಿತ್ತಾ ಅಂದಿರಬಹುದು. ಇದು ನನ್ನ ಊಹೆ, ಅಷ್ಟೇ.

ಕಾತ್ಯಾಯನಿ ಮಾಡಿದವರು ಎಲ್.ವಿ. ಶಾರದಾ. ಹತ್ತು ಹನ್ನೆರಡು ವರ್ಷದ ಮೇಲೆ, 1983ರಲ್ಲಿ, ಪ್ರೇಮಾ ಕಾರಂತರ 'ಫಣಿಯಮ್ಮ'ದಲ್ಲಿ ಫಣಿಯಮ್ಮ ಆದವರೂ ಅವರೇ. ಒಂದರಲ್ಲಿ ಮರುಮದುವೆಯಾದ ವಿಧವೆ, ಇನ್ನೊಂದರಲ್ಲಿ ಸಂಸಾರವನ್ನೇ ಕಾಣದೆ ತಲೆ ಬೋಳಿಸಿಕೊಂಡ ವಿಧವೆ. ಒಂದೇ ಮುಖ. ಎರಡನ್ನೂ ನೋಡಿದವರು ಆ ಮುಖ ಮರೆಯಲ್ಲ.

'ಫಣಿಯಮ್ಮ' ಎಂ.ಕೆ. ಇಂದಿರಾ ಅವರ ಕಾದಂಬರಿ. ಅದು ಅವರು ಕಟ್ಟಿದ ಕಥೆಯಲ್ಲ, ಅವರ ಮನೆಯದೇ. ಆ ಅಜ್ಜಿ ತನ್ನ ಬಾಳನ್ನು ಇಂದಿರಾ ಅವರ ತಾಯಿಯ ಹತ್ತಿರ ಹೇಳಿಕೊಂಡಿದ್ದಳು. ಅದು ಮಗಳ ಕಿವಿಗೆ ಬಿದ್ದು, ದಶಕಗಳ ಮೇಲೆ ಕಾದಂಬರಿಯಾಯಿತು. ಬಾಣಂತನ, ಅಡುಗೆ ಅಂತ ಊರಿಗೆಲ್ಲ ಬೇಕಾಗಿದ್ದ, ಯಾರ ಶುಭಕಾರ್ಯಕ್ಕೂ ಎದುರು ಬರಬಾರದಾಗಿದ್ದ ಹೆಂಗಸು. ಅವಳ ಮನಸ್ಸಿನಲ್ಲಿ ಏನಿದೆ ಅಂತ ಮನೆಯ ಗಂಡಸರ್ಯಾರೂ ಕೇಳಿರಲಿಲ್ಲ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಲೇಖಕಿಗೆ, ಲೇಖಕಿಯಿಂದ ನಿರ್ದೇಶಕಿಗೆ, ಅಲ್ಲಿಂದ ನಟಿಗೆ. ಈ ಸಾಲಿನಲ್ಲಿ ಒಬ್ಬ ಗಂಡಸೂ ಇಲ್ಲ ನೋಡಿ. ಇಲ್ಲಿ ಯಾರೂ ಯಾರದ್ದನ್ನೂ ಕಸಿದುಕೊಳ್ಳಲಿಲ್ಲ. ಒಬ್ಬರು ಹೇಳಿದರು, ಒಬ್ಬರು ಕಾಪಾಡಿಕೊಂಡರು. ಸ್ನೇಹ ಅನ್ನೋ ಹೆಸರು ಇದಕ್ಕೆ ಸಣ್ಣದೇನೋ.

ಈಗ ಮಂಟೋ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಎರಡು ಮನಸ್ಸು.

ಬಾಂಬೆಯಲ್ಲಿ ಸಿನಿಮಾಕ್ಕೆ ಬರೆಯುತ್ತಿದ್ದ ಸಾದತ್ ಹಸನ್ ಮಂಟೋ ನರ್ಗಿಸ್ ಬಗ್ಗೆ ಒಂದು ಬರಹ ಬರೆದಿದ್ದಾರೆ. ಅದರ ಶುರು ಬಹಳ ಸೊಗಸು. ಮಂಟೋ ಮನೆಯಲ್ಲಿಲ್ಲದ ಹೊತ್ತು ನೋಡಿ ಅವರ ನಾದಿನಿಯರು ಫೋನ್ ತಿರುಗಿಸಿ ನರ್ಗಿಸ್ ಜೊತೆ ಹರಟುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ, ಊರು ಹೇಳುತ್ತಿರಲಿಲ್ಲ. ಸುಮ್ನೆ ಹುಡುಗಿಯರ ಮಾತು, ನಗು. ನರ್ಗಿಸ್ ಕೂಡ ಆಗಿನ್ನೂ ಹುಡುಗಿ. ಸುತ್ತಮುತ್ತ ಎಲ್ಲ ಸ್ಟುಡಿಯೋದವರೇ, ತನ್ನ ವಯಸ್ಸಿನವರ ಜೊತೆ ಮಾತಾಡೋ ಆಸೆ ಅವಳಿಗೂ ಇತ್ತು. ಮುಂದೆ ಒಬ್ಬರ ಮನೆಗೊಬ್ಬರು ಹೋಗಿಬಂದು ಗುಟ್ಟು ರಟ್ಟಾಯಿತು. ಮಂಟೋ ಆ ಹುಡುಗಿಯನ್ನು ತಾರೆಯಾಗಿ ನೋಡುವುದಿಲ್ಲ. ಅವಳ ಹಿಂದೆ ಕೂತಿರುವ ತಾಯಿಯನ್ನೂ ಮರೆಯುವುದಿಲ್ಲ.

ಆ ತಾಯಿ ಜದ್ದನ್‌ಬಾಯಿ. ಹಾಡುಗಾರ್ತಿ. ತಾವೇ ಸಂಸ್ಥೆ ಕಟ್ಟಿ ಸಿನಿಮಾ ಮಾಡಿದವರು, 1935ರ 'ತಲಾಶ್-ಎ-ಹಕ್'ಗೆ ಸಂಗೀತವನ್ನೂ ಕೊಟ್ಟವರು. ಅದರಲ್ಲೇ ಪುಟ್ಟ ಮಗಳು ಬೇಬಿ ನರ್ಗಿಸ್ ಆಗಿ ಪರದೆಗೆ ಬಂದಿದ್ದು. ಇಂಥ ತಾಯಂದಿರನ್ನು ನಮ್ಮ ಸಿನಿಮಾ ಬರಹಗಳಲ್ಲಿ ಮಗಳ ದುಡಿಮೆ ತಿನ್ನೋ ಹೆಂಗಸು ಅಂತ ಒಂದೇ ಏಟಿಗೆ ಮುಗಿಸುವುದುಂಟು. ಮಂಟೋ ಹಾಗೆ ಮಾಡಲಿಲ್ಲ. ಅದಕ್ಕೆ ನನ್ನ ನಮಸ್ಕಾರ.

ಆದರೆ ಅದೇ ಮಂಟೋ ದೇಶವಿಭಜನೆಯ ನಂತರ ಲಾಹೋರಿನಲ್ಲಿ ಕೂತು ನರ್ತಕಿ ಸಿತಾರಾ ದೇವಿಯ ಬಗ್ಗೆ, ಗಾಯಕಿ ನೂರ್ ಜಹಾನ್ ಬಗ್ಗೆ, ಇನ್ನೂ ಹಲವರ ಬಗ್ಗೆ ಹೆಸರು ಸಮೇತ ಬರೆದರು. ಮಲಗುವ ಕೋಣೆಯವರೆಗೂ ಹೋದರು. ಯಾರಾದರೂ ಆಕ್ಷೇಪ ಎತ್ತಿದರೆ, ನನ್ನ ಹತ್ತಿರ ಬಾಚಣಿಗೆಯೂ ಇಲ್ಲ ಶಾಂಪೂವೂ ಇಲ್ಲ, ಯಾರಿಗೂ ಮೇಕಪ್ ಮಾಡೋಕೆ ನನಗೆ ಬರಲ್ಲ ಅನ್ನೋ ಧಾಟಿಯ ಉತ್ತರ. ಕೇಳೋಕೆ ಚೆನ್ನಾಗಿದೆ. ಆದರೆ ಮಂಟೋ 1955ರಲ್ಲೇ ತೀರಿಕೊಂಡರು. ಸಿತಾರಾ ದೇವಿ ಇದ್ದದ್ದು 2014ರವರೆಗೆ. ಆ ಬರಹದ ಜೊತೆ ಅರವತ್ತು ವರ್ಷ ಬದುಕಬೇಕಾಗಿದ್ದು ಆಕೆ. ನರ್ಗಿಸ್ ಮೇಲಿನ ಬರಹದಲ್ಲಿ ಕಾಣುವ ಪ್ರೀತಿ ಸಿತಾರಾ ಮೇಲಿನದರಲ್ಲಿ ನನಗೆ ಕಾಣಲ್ಲ. ಅಲ್ಲಿ ಕುತೂಹಲ ಜಾಸ್ತಿ, ಗೌರವ ಕಮ್ಮಿ. ಹಾಗಂತ ಓದದೇ ಬಿಟ್ಟೆನಾ? ಇಲ್ಲ. ಎರಡು ಸಲ ಓದಿದೆ. ಮಂಟೋ ಗದ್ಯ ಹಾಗೆ, ಬಿಡಲ್ಲ.

ಮಂಟೋ ಸ್ನೇಹಿತೆ ಇಸ್ಮತ್ ಚುಗ್ತಾಯಿ ಇನ್ನೊಂದು ದಾರಿ ಹಿಡಿದರು. ಅವರೂ ಸಿನಿಮಾದ ಒಳಗಿನವರೇ, ಗಂಡ ಶಾಹಿದ್ ಲತೀಫ್ ನಿರ್ದೇಶಕ. 'ಅಜೀಬ್ ಆದ್ಮಿ' ಅಂತ ಒಂದು ಕಾದಂಬರಿ ಬರೆದರು, ಹೆಸರುಗಳನ್ನೆಲ್ಲ ಬದಲಿಸಿ. ಅದರಲ್ಲಿ ಗುರುದತ್ ಬದುಕಿನ ನೆರಳಿದೆ ಅಂತ ಓದಿದವರೆಲ್ಲ ಹೇಳುತ್ತಾರೆ. ಹೆಸರು ಬದಲಿಸಿದರೆ ಸಾಕೇ ಅನ್ನೋ ಪ್ರಶ್ನೆ ಇದ್ದೇ ಇದೆ. ಗುರುತು ಸಿಗಬಾರದು ಅಂತಲ್ಲ, ಗುರುತು ಸಿಕ್ಕರೂ ಕೇಸು ಹಾಕೋಕಾಗಬಾರದು ಅಂತ ಹೆಸರು ಬದಲಿಸುವುದೂ ಉಂಟು. ಇಸ್ಮತ್ ಹಾಗೆ ಮಾಡಿದರು ಅಂತಲ್ಲ, ಈ ಬಗೆಯ ಕಾದಂಬರಿಗಳ ಸ್ವಭಾವ ಹೇಳಿದೆ.

ಕಿತ್ತುಕೊಂಡ ಗುಟ್ಟಿಗೆ ದೊಡ್ಡ ಉದಾಹರಣೆ ಹಾಲಿವುಡ್ ನಟಿ ಮರ್ಲ್ ಓಬೆರಾನ್. ಹುಟ್ಟಿದ್ದು 1911ರಲ್ಲಿ ಬಾಂಬೆಯಲ್ಲಿ, ಬೆಳೆದಿದ್ದು ಕಲ್ಕತ್ತಾದಲ್ಲಿ. ಪರದೇಶಕ್ಕೆ ಹೋಗಿ ಸಿನಿಮಾ ಸೇರಿದ ಮೇಲೆ ಹುಟ್ಟೂರು ಆಸ್ಟ್ರೇಲಿಯಾದ ಟಾಸ್ಮೇನಿಯಾ ಅಂತಾಯಿತು. ಮೈಬಣ್ಣದ ಲೆಕ್ಕ ಹಾಕುವ ಆ ಸಿನಿಮಾ ಲೋಕದಲ್ಲಿ ಭಾರತದ ರಕ್ತ ಅಂದರೆ ಅವಕಾಶಗಳೇ ಮುಚ್ಚಿಹೋಗುತ್ತಿದ್ದವು. ಸಾಕಿದ ತಾಯಿ ಶಾರ್ಲೆಟ್ ಜೊತೆಗೇ ಇದ್ದರು, ಬಂದವರಿಗೆ ಪರಿಚಯಿಸುತ್ತಿದ್ದುದು ಮಾತ್ರ ಮನೆಕೆಲಸದಾಕೆ ಅಂತ. ಅದರೊಳಗೆ ಇನ್ನೊಂದು ಗುಟ್ಟು: ಶಾರ್ಲೆಟ್ ನಿಜಕ್ಕೂ ತಾಯಿಯಲ್ಲ, ಅಜ್ಜಿ. ಹೆತ್ತವಳು ಅಕ್ಕ ಅಂತ ಕರೆಸಿಕೊಳ್ಳುತ್ತಿದ್ದ ಕಾನ್‌ಸ್ಟೆನ್ಸ್. ಮರ್ಲ್ 1979ರಲ್ಲಿ ತೀರಿಕೊಂಡರು. ಆಮೇಲೆ, 1985ರಲ್ಲಿ, ಮೊದಲ ಗಂಡ ಅಲೆಕ್ಸಾಂಡರ್ ಕೋರ್ಡಾ ಅವರ ತಮ್ಮನ ಮಗ ಮೈಕೆಲ್ ಕೋರ್ಡಾ ಈ ಬದುಕನ್ನೇ ಹೋಲುವ ಕಾದಂಬರಿ ಬರೆದರು. ಮನೆಯವರೇ. ಓದುಗರಾದ ನಮಗೆ ಸತ್ಯ ಗೊತ್ತಾಗಿದ್ದು ಒಳ್ಳೆಯದೇ ಆಯಿತು ಅಂತ ಅನ್ನಿಸುತ್ತೆ. ಆದರೆ ಜೀವಮಾನವಿಡೀ ಒಂದು ಮಾತನ್ನು ಕಾಯ್ದುಕೊಂಡು ಸತ್ತವರ ಬೆನ್ನಿಗೇ ಅದು ಮಾರುಕಟ್ಟೆಗೆ ಬಂದಿದ್ದು ನನಗೆ ಹಿಡಿಸಲಿಲ್ಲ.

ಮಕ್ಕಳು ಬರೆದಾಗ ಲೆಕ್ಕ ಸ್ವಲ್ಪ ಬೇರೆ. ನರ್ಗಿಸ್ ಹೆಣ್ಣುಮಕ್ಕಳಾದ ನಮ್ರತಾ ಮತ್ತು ಪ್ರಿಯಾ 2007ರಲ್ಲಿ ಅಪ್ಪ ಅಮ್ಮನ ಬಗ್ಗೆ ಪುಸ್ತಕ ತಂದರು. ಅದು ಪ್ರೀತಿಯ ಪುಸ್ತಕ, ಹಾಗಾಗಿ ಸ್ವಲ್ಪ ಸಪ್ಪೆ. ಆದರೆ ಜದ್ದನ್‌ಬಾಯಿಯ ಮೊಮ್ಮಕ್ಕಳು ಮುಚ್ಚುಮರೆ ಇಲ್ಲದೆ ಅಜ್ಜಿಯಿಂದಲೇ ಮಾತು ಶುರು ಮಾಡಬಲ್ಲರು ಅನ್ನೋದೇ ದೊಡ್ಡದು.

ಇತ್ತೀಚಿನದು ನಟಿ ನೀನಾ ಗುಪ್ತಾ ಅವರದು. ಮದುವೆಯಿಲ್ಲದೆ ಹೆತ್ತ ಮಗಳನ್ನು 1989ರಿಂದಲೂ ಎಲ್ಲರ ಎದುರೇ ಬೆಳೆಸಿದವರು. ಅಪ್ಪ ಯಾರು ಅನ್ನೋದು ಗುಟ್ಟಾಗಿಯೂ ಉಳಿಯಲಿಲ್ಲ. 2021ರಲ್ಲಿ ಆತ್ಮಕಥೆಯನ್ನೂ ಬರೆದರು. ಅದಕ್ಕೂ ಒಂದು ವರ್ಷ ಮೊದಲೇ 'ಮಸಾಬಾ ಮಸಾಬಾ' ಅನ್ನೋ ಸರಣಿಯಲ್ಲಿ ಅಮ್ಮ ಮಗಳು ತಮ್ಮದೇ ಪಾತ್ರ ತಾವೇ ಮಾಡಿದರು, ನಗಿಸುತ್ತಾ. ಅಮ್ಮನಿಗೆ ಕೆಲಸ ಬೇಕು, ಮಗಳಿಗೆ ತನ್ನ ಸಂಸಾರದ ತಲೆನೋವು, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸಿಟ್ಟು. ಹಿಂದಿನವರು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಓಡಾಡಿದ್ದನ್ನು ಇವರು ಜೋಕು ಮಾಡಿ ಸಂಭಾವನೆಯನ್ನೂ ಪಡೆದರು! ಸರಣಿಯಲ್ಲಿ ಎಷ್ಟು ನಿಜ, ಎಷ್ಟು ಸೇರಿಸಿದ್ದು ಅಂತ ಗೊತ್ತಾಗದ ಹಾಗೆ ಬರೆದಿದ್ದಾರೆ. ಯಾವುದನ್ನು ಬಿಟ್ಟಿದ್ದಾರೋ ಅದು ಅವರವರೇ ಕೂತು ತೀರ್ಮಾನಿಸಿ ಬಿಟ್ಟಿದ್ದು ಅಂತ ನೋಡುವಾಗಲೇ ಅನ್ನಿಸುತ್ತೆ. ಹಾಗಾಗಿ ಉಳಿದದ್ದೇನು ಅಂತ ಹುಡುಕಾಡೋ ಚಪಲ ನನಗಂತೂ ಬರಲಿಲ್ಲ.